ಎರಡು ಸಲ ಬಲೆ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ನಾನು ರಾಮನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕನ್ನಡ ಮೇಷ್ಟ್ರು, ಹೆಸರು ಮನೋಹರ್, ಮಾಗಡಿಯಿಂದ ದಿನಾ ಓಡಾಡುವವನು. ಮೆಷಿನ್ನು, ಕಂಪ್ಯೂಟರು ಕಲಿಯುವ ಮಕ್ಕಳಿಗೆ ಕನ್ನಡ ಹೇಳುವವನೆಂದರೆ ಮದುವೆಮನೆಯಲ್ಲಿ ಉಪ್ಪಿನಕಾಯಿ ಬಡಿಸುವವನಿದ್ದಂತೆ. ಬೇಕು, ಆದರೆ ಯಾರೂ ತಲೆಯೆತ್ತಿ ಮುಖ ನೋಡುವುದಿಲ್ಲ. ಸುತ್ತಮುತ್ತ ಯಾರಿಗಾದರೂ ಶಾಲು ಹೊದಿಸುವಾಗ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ.

ಹೋದ ವರ್ಷ ಕೈಲಾಂಚದಿಂದ ಹಾಲಿನ ಸಂಘದ ಕಾರ್ಯದರ್ಶಿ ಬೋರಲಿಂಗಯ್ಯ ಫೋನ್ ಮಾಡಿದ.

“ಮೇಷ್ಟ್ರೇ, ನಮ್ ಹುಚ್ಚಯ್ಯನ ಮಗಳು ಸುಮನಾ ಕಂಪ್ಯೂಟ್ರು ಒಳಿಕ್ಕೆ ಏನೋ ಹಾಕವ್ಳಂತೆ. ಲೋಕಕ್ಕೆಲ್ಲ ಉಪಯೋಗ ಆಯ್ತದಂತೆ. ಮುಂದಿನ ತಿಂಗಳು ಸಂಘದಿಂದ ಒಂದು ಸನ್ಮಾನ ಮಡಗಿವ್ನಿ. ನೀವು ಬಂದು ಒಸಿ ಮಾತಾಡ್ಬೇಕು.”

“ಏನು ಹಾಕಿದ್ದಾಳಯ್ಯ?”

“ಅದು ನಿಮ್ಗೆ ಗೊತ್ತಿರ್ಬೇಕು. ನಿಮ್ ಕಾಲೇಜ್ನೋಳಲ್ವಾ!”

ನಿಜ, ಸುಮನಾ ನಮ್ಮ ಕಾಲೇಜಿನವಳೇ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಇನ್‌ಸ್ಟ್ರಕ್ಟರ್. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಗಂಡ ಲೋಕೇಶನೂ ಕೈಲಾಂಚದವನೇ ಆದ್ದರಿಂದ ಮದುವೆಯಾಗಿ ಅವಳು ಹೋದದ್ದು ತವರಿನಿಂದ ಕೂಗಳತೆಯ ದೂರಕ್ಕೆ. ನೋಡಿದರೆ ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳ ಹಾಗಿದ್ದಾಳೆ, ಆದರೆ ಲ್ಯಾಬಿನಲ್ಲಿ ಯಾವನಾದರೂ ಕೀಬೋರ್ಡನ್ನು ತಮಟೆಯ ಹಾಗೆ ಬಡಿದರೆ ಅವಳ ದನಿ ನನ್ನ ತರಗತಿಯವರೆಗೂ ಕೇಳುತ್ತದೆ. ಒಂದೇ ಕಾರಿಡಾರಿನಲ್ಲಿ ಎಂಟು ವರ್ಷ ಕೆಲಸ ಮಾಡಿಯೂ ಅವಳು ಏನು ‘ಹಾಕಿದ್ದಾಳೆ’ ಎಂದು ನನಗೆ ತಿಳಿದಿರಲಿಲ್ಲ. ಹೋಗಿ ಕೇಳಿದೆ.

ನಮ್ಮ ಲ್ಯಾಬಿನ ಕಂಪ್ಯೂಟರುಗಳು ಮುದಿ ಎತ್ತುಗಳು. ಹೊಸ ಆಪರೇಟಿಂಗ್ ಸಿಸ್ಟಮ್ ಹೊರಿಸಿದರೆ ಅಲ್ಲೇ ಮಲಗುತ್ತವೆ. ಅದಕ್ಕೆ ಸುಮನಾ ಎಲ್ಲಿಂದಲೋ ಹುಡುಕಿ ‘ಮಿನ್ನೋ’ ಎಂಬ ಪುಟ್ಟ ಸಿಸ್ಟಮ್ ತಂದು ಹಾಕಿದ್ದಳು. ಅದನ್ನು ದೇಶದೇಶಗಳ ಜನ ಬಿಡುವಿನಲ್ಲಿ ಕೂತು ಬರೆದು, ಪುಕ್ಕಟೆ ಹಂಚುತ್ತಾರೆ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ತಿದ್ದಿದ್ದು ಸರಿಯಿದ್ದರೆ ಅವರು ಸೇರಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಬೇರೆಯವರು ರೀಲ್ಸ್ ನೋಡುವಾಗ ಇವಳು ಮೊಬೈಲಿನಲ್ಲಿ ಆ ಕೋಡು ಓದುತ್ತಿದ್ದಳಂತೆ. ಓದುತ್ತ ಓದುತ್ತ, ಅದರಲ್ಲಿ ಫೈಲು ಕಾಪಿ ಮಾಡುವ ಸಿಸ್ಟಮ್ ಕಾಲ್ ಇಲ್ಲವೆಂದು ಗೊತ್ತಾಯಿತು.

“ಕನ್ನಡ ಮೇಷ್ಟ್ರಿಗೆ ತಿಳಿಯೋ ಹಾಗೆ ಹೇಳಮ್ಮ,” ಎಂದೆ.

“ಕರ್ನೆಲ್ ಅಂದ್ರೆ ಸಿಸ್ಟಮ್ಮಿನ ತಿರುಳು, ನಮ್ಮ ಆಫೀಸ್ ಇದ್ದಂಗೆ ಸರ್. ಒಳಗೆ ಯಾರನ್ನೂ ಬಿಡಲ್ಲ, ಏನು ಬೇಕಾದ್ರೂ ಕಿಟಕೀಲಿ ಕೇಳ್ಬೇಕು. ಹಂಗೆ ಕೇಳೋದಕ್ಕೇ ಸಿಸ್ಟಮ್ ಕಾಲ್ ಅನ್ನೋದು. ಈಗ ಒಂದು ಬೀರುವಿನ ಕಾಗದ ಪಕ್ಕದ ಬೀರುವಿಗೆ ಹೋಗ್ಬೇಕು ಅನ್ಕೊಳ್ಳಿ. ಕಿಟಕಿಯಿಂದ ಒಂದೊಂದೇ ಹಾಳೆ ಈಚೆ ಇಸ್ಕೊಂಡು, ಅದೇ ಕಿಟಕೀಲಿ ವಾಪಸ್ ಕೊಡ್ಬೇಕಾಗಿತ್ತು. ನಾನು ಅದಕ್ಕೆ ಅಂತ್ಲೇ ಒಂದು ಕರೆ ಮಾಡ್ದೆ. ಒಳಗಿರೋರೇ ಒಳಗೇ ಇಡ್ತಾರೆ.”

“ಇಷ್ಟೇನಾ?”

“ಇಷ್ಟೇ ಸರ್. ಒಂದೂವರೆ ವರ್ಷ ಆಯ್ತು.”

ಆ ಒಂದೂವರೆ ವರ್ಷದಲ್ಲಿ ಮಿನ್ನೋದ ಪರಿಶೀಲಕರು ಅವಳ ಕೋಡನ್ನು ಮತ್ತೆ ಮತ್ತೆ ತಿರುಗಿಸಿ ಕಳಿಸಿದ್ದರು. ಹೆಸರು ಸರಿಯಿಲ್ಲ ಎಂದರು, ಸಾಲು ಉದ್ದವಾಯಿತು ಎಂದರು, ಇಬ್ಬರು ಒಂದೇ ಫೈಲು ಮುಟ್ಟಿದರೆ ಏನಾಗುತ್ತದೆ ಎಂದರು. ಇವಳ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ. ಚಿಕ್ಕ ಚಿಕ್ಕ ವಾಕ್ಯದಲ್ಲಿ ಉತ್ತರ ಕೊಟ್ಟು ತಿದ್ದುತ್ತಲೇ ಹೋದಳು. ಕೊನೆಗೆ ಒಪ್ಪಿದರು. ಮುಂದಿನ ಆವೃತ್ತಿಯಲ್ಲಿ ಅದು ಎಲ್ಲರ ಕಂಪ್ಯೂಟರಿಗೂ ಹೋಗುವುದಿತ್ತು, ಜೊತೆಗೆ ಅವಳ ಹೆಸರು ಮತ್ತು ಊರಿನ ಹೆಸರು. ಯಾವ ನಕ್ಷೆಯಲ್ಲಿ ಹುಡುಕಿದರೂ ಕೈಲಾಂಚ ಸಿಗದವರ ಮನೆಗೂ ಕೈಲಾಂಚ ಹೋಗುತ್ತದೆ! ನನಗೇ ಖುಷಿಯಾಯಿತು. ಇಂಥ ಕೆಲಸಕ್ಕಾದರೆ ಶಾಲು ಹೊದಿಸಬಹುದು ಅನ್ನಿಸಿತು.

ಮಾತಿಗೆ ಸರಕು ಬೇಕೆಂದು ಒಂದು ಸಂಜೆ ಅವಳ ಜೊತೆ ಕೈಲಾಂಚಕ್ಕೆ ಹೋದೆ. ಹುಚ್ಚಯ್ಯನ ಹೆಸರು ಆ ಸೀಮೆಯ ರೇಷ್ಮೆಯವರಿಗೆಲ್ಲ ಗೊತ್ತು. ಯಾರ ಹುಳುವಿಗೆ ಏನಾದರೂ ಮೊದಲು ಓಡಿಬರುವುದು ಇವನ ಹತ್ತಿರ, ಇಲಾಖೆಯವರ ಹತ್ತಿರ ಆಮೇಲೆ. ಹುಳು ಮನೆಯ ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ಅದ್ದಿಸಿ, ಆಮೇಲೂ ಒಳಗೆ ಬಿಡಲಿಲ್ಲ. “ಅಲ್ಲಿಂದ್ಲೇ ನೋಡಿ ಮೇಷ್ಟ್ರೇ” ಎಂದ.

ಒಳಗೆ ಕಸ ತೆಗೆಯುವ ಕೆಲಸ ನಡೆದಿತ್ತು. ಹುಳುಗಳನ್ನು ಕೈಯಿಂದ ಎತ್ತುವುದಿಲ್ಲ. ಅವುಗಳ ಮೇಲೆ ಒಂದು ಬಲೆ ಹಾಸಿ, ಬಲೆಯ ಮೇಲೆ ಹೊಸ ಹಿಪ್ಪುನೇರಳೆ ಸೊಪ್ಪು ಹಾಕುತ್ತಾರೆ. ಹುಳು ತಾವಾಗಿ ಸೊಪ್ಪಿಗೆ ಹತ್ತಿ ಬರುತ್ತವೆ. ಆಗ ಬಲೆ ಎತ್ತಿ ಬೇರೆ ತಟ್ಟೆಗೆ ಇಟ್ಟರೆ ಕೆಳಗೆ ಹಿಕ್ಕೆ, ತಿಂದುಳಿದ ಕಡ್ಡಿ ಉಳಿಯುತ್ತದೆ. ಇನ್ನೊಂದು ಸಲ ಬಲೆ ಹಾಸಿ ಹಿಂದುಳಿದವನ್ನೂ ಕರೆಯುತ್ತಾರೆ.

“ಆಮೇಲೂ ಬರದಿದ್ದರೆ?”

“ಎರಡು ಸಲ ಬಲೆ, ಅಷ್ಟೇ. ಹತ್ತಿದ್ದು ಹುಳ, ಹತ್ತದ್ದು ಕಸ,” ಎಂದ ಹುಚ್ಚಯ್ಯ. “ಹಿಂದುಳಿದವು ಬಲ ಇಲ್ದವು. ಅವನ್ನ ಮಡಿಕೊಂಡ್ರೆ ಇಡೀ ಮನೇನೇ ಕೆಡಿಸ್ತವೆ.”

ಬಸ್‌ ನಿಲ್ದಾಣಕ್ಕೆ ನಡೆಯುವಾಗ ಸುಮನಾ ತಾನಾಗಿಯೇ ಒಂದು ಮಾತು ಹೇಳಿದಳು. ಏಳನೇ ಕ್ಲಾಸಿನಲ್ಲಿದ್ದಾಗ ಹೀಗೆ ಹಿಂದುಳಿದ ಹುಳುಗಳನ್ನು ಕಂಡು ಪಾಪ ಅನ್ನಿಸಿ, ಒಂದು ಮೊರದಲ್ಲಿಟ್ಟು ದನದ ಕೊಟ್ಟಿಗೆಯಲ್ಲಿ ಸಾಕಿದ್ದಳಂತೆ. ಚೇತರಿಸಿಕೊಂಡ ಮೇಲೆ ಯಾರಿಗೂ ಹೇಳದೆ ಮಿಕ್ಕವುಗಳ ಜೊತೆ ಬಿಟ್ಟಳು. ಒಂದು ವಾರದಲ್ಲಿ ಇಡೀ ಬೆಳೆಗೆ ಸಪ್ಪೆ ರೋಗ ಬಂದು ಒಂದು ಗೂಡೂ ಕೈಗೆ ಬರಲಿಲ್ಲ.

“ಅಪ್ಪ ಹೊಡೆದರಾ?”

“ಇಲ್ಲ ಸರ್. ಬಿಟ್ಟಿದ್ದನ್ನ ನಾನೇ ಹೇಳ್ಕೊಂಡೆ. ಊರೋರೆಲ್ಲ ಬಂದು ಈ ಹುಡುಗೀನೇ ಕಳೆದಿದ್ದು ಅಂದ್ರು. ಅಮ್ಮ ಅತ್ತಳು. ಅಪ್ಪ ಮಾತ್ರ ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ಎರಡು ಸಲ ಅಂದ್ರೆ ನಂಗೂ ಎರಡೇ ಸಲ.”

ಹೇಳುವಾಗ ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಅಷ್ಟು ಸಣ್ಣ ಹುಡುಗಿಯ ತಲೆಯ ಮೇಲೆ ಒಂದು ಇಡೀ ಬೆಳೆಯನ್ನು ಹೊರಿಸಿದ ಊರಿನ ಮೇಲೆ ಸಿಟ್ಟು ಬಂತು.

ಸನ್ಮಾನ ನಿಗದಿಯಾಗಿದ್ದು ಭಾನುವಾರಕ್ಕೆ. ಅದರ ಹಿಂದಿನ ದಿನ ಶನಿವಾರ ಮಿನ್ನೋದ ಹೊಸ ಆವೃತ್ತಿ ಹೊರಬರಬೇಕು. ಶುಕ್ರವಾರ ಮಧ್ಯಾಹ್ನ ನಾನೇ ಒಂದು ಜಗಳ ತೆಗೆದೆ.

ಕಾಲೇಜಿನ ರಾಜ್ಯೋತ್ಸವದ ವಿಡಿಯೋ ಗ್ರಂಥಾಲಯದ ಒಂದು ಹಳೇ ಕಂಪ್ಯೂಟರಿನಲ್ಲಿತ್ತು. ಅದನ್ನು ಲ್ಯಾಬಿಗೆ ಕಾಪಿ ಮಾಡಿ ನನಗೊಂದು ಪೆನ್‌ಡ್ರೈವಿಗೆ ಹಾಕಿಕೊಡು ಎಂದು ಸುಮನಾಳಿಗೆ ಹೇಳಿದ್ದೆ. ಕೊಟ್ಟಳು. ಹಾಕಿ ನೋಡಿದರೆ ಹುಡುಗಿಯರ ಕೋಲಾಟ ಇದೆ, ಪ್ರಿನ್ಸಿಪಾಲರ ಕೆಮ್ಮು ಇದೆ, ಎಲ್ಲಕ್ಕಿಂತ ಕೊನೆಗಿದ್ದ ನನ್ನ ಭಾಷಣ ಮಾತ್ರ ಇಲ್ಲ!

“ಏನಮ್ಮ, ನನ್ನ ಮಾತು ಕೇಳಲಾರದೆ ಕಂಪ್ಯೂಟರೂ ಎದ್ದು ಹೋಯಿತಾ?” ಎಂದು ಲ್ಯಾಬಿಗೆ ಹೋಗಿ ಕೂಗಾಡಿದೆ.

ಅವಳು ಮೊದಲು ಬಾಯಿತುಂಬ ನಕ್ಕಳು. ಇನ್ನೊಮ್ಮೆ ಕಾಪಿ ಮಾಡಿದಳು. ಮತ್ತೆ ಅರ್ಧಂಬರ್ಧ. ಆದರೆ ಪರದೆಯ ಮೇಲೆ ‘ಪೂರ್ತಿ ಆಯಿತು’ ಎಂದೇ ಬಂತು. ಅವಳ ನಗು ನಿಂತಿತು. ಲ್ಯಾಬಿನ ಮೆಷಿನ್ನುಗಳಲ್ಲಿ ಪರೀಕ್ಷೆಗೆಂದು ಅವಳದೇ ಹೊಸ ಕರೆ ಓಡುತ್ತಿತ್ತು.

ಕೋಡು ತೆಗೆದು ನೋಡಿದಳು, ನನಗೂ ತೋರಿಸಿದಳು. ಕರ್ನೆಲ್ಲು ಫೈಲನ್ನು ತುಂಡು ತುಂಡಾಗಿ ಸಾಗಿಸುತ್ತದೆ. ಒಂದು ತುಂಡು ಕೇಳಿದಷ್ಟು ಬಾರದಿದ್ದರೆ ಇನ್ನೊಮ್ಮೆ ಕೇಳು ಎಂದು ಅವಳು ಬರೆದಿದ್ದಳು. ಎರಡನೇ ಸಲವೂ ಕಡಿಮೆ ಬಂದರೆ ಮುಂದೆ ಏನೂ ಇಲ್ಲವೆಂದು ತಿಳಿದು ಕೆಲಸ ಮುಗಿಸು ಎಂದು ಬರೆದಿದ್ದಳು. ಒಂದೇ ಕಂಪ್ಯೂಟರಿನ ಒಳಗೆ ಕಾಪಿ ಮಾಡಿದರೆ ತುಂಡು ಕಡಿಮೆ ಬರುವುದೇ ಇಲ್ಲ, ಆದ್ದರಿಂದ ಅಷ್ಟು ದಿನದ ಪರೀಕ್ಷೆಯಲ್ಲಿ ಈ ತಪ್ಪು ಯಾರಿಗೂ ಸಿಕ್ಕಿರಲಿಲ್ಲ. ಗ್ರಂಥಾಲಯದಿಂದ ತಂತಿಯಲ್ಲಿ ತೆವಳಿಕೊಂಡು ಬರುವಾಗ ತುಂಡುಗಳು ತಡವಾಗುತ್ತಿದ್ದವು, ಅಷ್ಟೇ. ಮೂರನೇ ಸಲ ಕೇಳಿದ್ದರೆ ಬರುತ್ತಿದ್ದವು.

“ಎರಡೇ ಸಲ ಅಂತ ಯಾಕೆ ಬರೆದೆ?”

“ಅದೇನು ಸರ್, ಎರಡು ಸಲ ನೋಡಿ ಬರ್ಲಿಲ್ಲ ಅಂದ್ರೆ...” ಎಂದವಳು ತಟ್ಟನೆ ಮಾತು ನಿಲ್ಲಿಸಿ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಅಯ್ಯೋ ಶಿವನೇ. ಇದು ಹುಳು ಮನೆ ಬಲೆ ಸರ್. ಯೋಚನೇನೇ ಮಾಡ್ದೆ ಬರೆದ್ಬಿಟ್ಟಿದೀನಿ.”

ಒಂದೂವರೆ ವರ್ಷ ಸಾಲುಸಾಲನ್ನೂ ಯೋಚಿಸಿ ಬರೆದವಳು ಆ ಒಂದು ಸಾಲನ್ನು ಮಾತ್ರ ಯೋಚಿಸಿರಲಿಲ್ಲ. ಅದು ಅವಳಿಗೆ ಯೋಚಿಸುವ ವಿಷಯವೇ ಆಗಿರಲಿಲ್ಲ.

ನನಗೆ ತೋಚಿದ್ದನ್ನು ನಾನು ಹೇಳಿದೆ: ಭಾನುವಾರ ಕಳೆಯಲಿ, ಸೋಮವಾರ ಅವರಿಗೆ ತಿಳಿಸು, ಎರಡು ದಿನದಲ್ಲಿ ಯಾವ ಪ್ರಳಯವೂ ಆಗುವುದಿಲ್ಲ. ಲೋಕದಲ್ಲಿ ಬಾಳಿದವನು ಯಾರಾದರೂ ಅದನ್ನೇ ಹೇಳುತ್ತಿದ್ದ.

“ನಾಳೆ ಹೊರಗೆ ಬಂದ್ರೆ ಜನ ಹಾಕ್ಕೋತಾರೆ ಸರ್. ಪೂರ್ತಿ ಆಯ್ತು ಅಂತ ತೋರಿಸಿದ್ಮೇಲೆ ಹಳೇದನ್ನ ಅಳಿಸ್ತಾರೆ. ಅಳಿಸಿದ್ದು ಆಮೇಲೆ ಎಲ್ಲಿಂದ ತರೋದು? ನಿಮ್ಮ ಭಾಷಣ ಆದ್ರೆ ಗ್ರಂಥಾಲಯದಲ್ಲಿ ಇನ್ನೂ ಐತೆ.”

“ಹಾಗಾದರೆ ಆ ಸಾಲು ತಿದ್ದಿ ಕಳಿಸು.”

“ತಿದ್ದಿದ್ದನ್ನ ಮತ್ತೆ ಪರೀಕ್ಷೆ ಮಾಡೋಕೆ ಅವರಿಗೆ ಟೈಮ್ ಇರಲ್ಲ. ತೆಗೆದೇ ಬಿಡ್ತಾರೆ.”

ಹೀಗೆ ಹೇಳುತ್ತಲೇ ಮೇಲ್ ಬರೆದಳು. ‘ನನ್ನ ಕರೆ ಫೈಲಿನ ಕೊನೆಯ ಭಾಗ ಕಳೆಯುತ್ತದೆ. ತಪ್ಪು ನನ್ನದು. ದಯವಿಟ್ಟು ತೆಗೆಯಿರಿ.’ ಸಂಜೆಯೊಳಗೆ ಉತ್ತರ ಬಂತು. ತೆಗೆದಿದ್ದೇವೆ, ಹೇಳಿದ್ದಕ್ಕೆ ಧನ್ಯವಾದ, ಸರಿಪಡಿಸಿ ಮುಂದಿನ ಆವೃತ್ತಿಗೆ ಕಳಿಸಿ. ಕೋಡಿನ ಜೊತೆಗೆ ಅವಳ ಹೆಸರೂ ಹೋಯಿತು, ಕೈಲಾಂಚವೂ ಹೋಯಿತು.

ಅವಳಿಗೆ ಅದರ ಸಂಕಟವಿರಲಿಲ್ಲ. “ಅಪ್ಪನಿಗೆ ಹೆಂಗೆ ಹೇಳೋದು ಸರ್?” ಎನ್ನುವುದೊಂದೇ ಚಿಂತೆ. ಹುಚ್ಚಯ್ಯ ಒಂದು ತಿಂಗಳಿಂದ ಡೈರಿಯ ಮುಂದೆ, ಟೀ ಅಂಗಡಿಯಲ್ಲಿ, ಮಗಳ ಹೆಸರು ಲೋಕದ ಕಂಪ್ಯೂಟರಿಗೆಲ್ಲ ಹೋಗುತ್ತದೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ. ಸರ್ಕಲ್ಲಿನಲ್ಲಿ ಫ್ಲೆಕ್ಸೂ ಬಂದಿತ್ತು. ಅದರಲ್ಲಿ ಅವಳ ಚಿತ್ರ ಅಂಗೈಯಷ್ಟು, ಸಂಘದ ನಿರ್ದೇಶಕರ ಚಿತ್ರಗಳು ತಟ್ಟೆಯಷ್ಟು.

ಶನಿವಾರ ಬೆಳಿಗ್ಗೆ ನಾನೂ ಅವಳ ಜೊತೆ ಹುಚ್ಚಯ್ಯನ ಮನೆಗೆ ಹೋದೆ. ಸನ್ಮಾನವನ್ನು ಮುಂದಕ್ಕೆ ಹಾಕಿಸಬಹುದೇನೋ ಎಂಬ ಆಸೆ. ಅವಳ ತಾಯಿ ಯಲ್ಲಮ್ಮ ಕಾಫಿ ತಂದುಕೊಟ್ಟು ಬಾಗಿಲಲ್ಲೇ ನಿಂತರು. ಸುಮನಾ ಎಲ್ಲವನ್ನೂ ಹೇಳಿದಳು. ತೆಗೆಸಿದ್ದು, ಹೆಸರು ಹೋಗಿದ್ದು, ಎರಡು ಸಲ ಎಂದು ಬರೆದದ್ದು. ಹುಚ್ಚಯ್ಯ ನೆಲ ನೋಡುತ್ತ ಕೇಳಿದ.

“ನೀನೇ ಬರ್ದು ತೆಗಿಸ್ದಾ?”

“ನಾನೇ ಅಪ್ಪ.”

“ಸೋಮವಾರ ಬರೀಬೌದಾಗಿತ್ತು.”

“ಆಗ್ತಿರ್ಲಿಲ್ಲ.”

“ಎರಡು ಸಲ ಅನ್ನೋದು ಇಲ್ಲಿ ಕಲ್ತಿದ್ದಾ?”

“ಹುಳಕ್ಕೆ ಅದು ಸರೀನೇ ಅಪ್ಪ. ಫೈಲಿಗೆ ಸರಿ ಇಲ್ಲ. ಅದನ್ನ ತಿಳ್ಕೊಬೇಕಾದೋಳು ನಾನು.”

ಹುಚ್ಚಯ್ಯ ಕಾಫಿ ಲೋಟ ಕೆಳಗಿಟ್ಟ. “ಕಾರ್ಡು ಹಂಚಾಗದೆ. ಊಟಕ್ಕೆ ಹೇಳಾಗದೆ. ನಾಳೆ ಶಾಲು ಹೊದುಸ್ಕೊಂಡು ಕೈಮುಗುದು ಇಳಿ. ಇದ್ನೆಲ್ಲ ಅಲ್ಲಿ ಬಾಯಿ ಬುಡಬ್ಯಾಡ. ಮೇಷ್ಟ್ರೇ, ನೀವೂವೆ.” ಎದ್ದು ಹುಳು ಮನೆಯೊಳಗೆ ಹೋದ. ಮತ್ತೆ ನಾವು ಹೊರಡುವವರೆಗೂ ಈಚೆ ಬರಲಿಲ್ಲ.

ಭಾನುವಾರ ಸಂಘದ ಮುಂದೆ ಶಾಮಿಯಾನ. ಹಿಂದುಗಡೆ ಮಸಾಲೆ ಕುದಿಯುವ ವಾಸನೆಗೆ ಜನ ಹೊತ್ತಿಗೆ ಮುಂಚೆಯೇ ಸೇರಿದ್ದರು. ಹುಚ್ಚಯ್ಯ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ನಾನು ಮೈಕಿನ ಮುಂದೆ ನಿಂತು, ಸುಮನಾ ನಮ್ಮ ಕಾಲೇಜಿನ ಹೆಮ್ಮೆ ಎಂಬ ಒಂದೇ ವಾಕ್ಯ ಹೇಳಿ ಇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಹುಚ್ಚಯ್ಯ ಬಿಟ್ಟಿರಲಿಲ್ಲ.

ಬೋರಲಿಂಗಯ್ಯ ಶಾಲು ಬಿಡಿಸಿ ಮುಂದೆ ಬಂದ. ಸುಮನಾ ಕೈ ಅಡ್ಡ ಹಿಡಿದು ಮೈಕ್ ತೆಗೆದುಕೊಂಡಳು.

“ಒಂದು ನಿಮಿಷ ಅಣ್ಣ. ನೀವು ಯಾವ ಕೆಲ್ಸಕ್ಕೆ ಶಾಲು ತಂದಿದ್ದೀರೋ ಆ ಕೆಲ್ಸ ಈಗ ಇಲ್ಲ. ಮೊನ್ನೆ ನಾನೇ ಅದನ್ನ ತೆಗೆಸ್ದೆ. ಅದರಲ್ಲಿ ತಪ್ಪಿತ್ತು. ಹಂಗೇ ಬಿಟ್ಟಿದ್ರೆ ಯಾವ್ದೋ ಊರಲ್ಲಿ ಯಾರ್ದೋ ಮದುವೆ ವಿಡಿಯೋನೋ, ಆಸ್ಪತ್ರೆ ರಿಪೋರ್ಟೋ ಅರ್ಧ ಕಳೆದೋಗೋದು. ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ. ಮತ್ತೆ ಬರೀತೀನಿ. ಸರಿಯಾದ್ಮೇಲೆ ಕರೀರಿ, ಬತ್ತೀನಿ.”

ಶಾಮಿಯಾನದಲ್ಲಿ ಗುಸುಗುಸು ಎದ್ದಿತು. “ಹಂಗಾರೆ ಊಟ ಐತೋ ಇಲ್ವೋ?” ಎಂದು ಯಾರೋ ಕೇಳಿದರು, ಜನ ನಕ್ಕರು. ಆ ನಗುವಿನ ಮಧ್ಯೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎಲ್ಲರಿಗೂ ಕೇಳುವಂತೆ ಹೇಳಿದ: “ಕಳೆಯೋದು ಇವಳ್ಗೇನು ಹೊಸ್ದೇ? ಚಿಕ್ಕೋಳಾಗಿದ್ದಾಗ್ಲೇ ಅಪ್ಪನ ಬೆಳೆ ಪೂರಾ ಕಳ್ದೋಳಲ್ವಾ!”

ಇನ್ನೂ ಜೋರಾಗಿ ನಕ್ಕರು. ಸುಮನಾ ಮೈಕ್ ಹಿಡಿದು ಹಾಗೇ ನಿಂತಿದ್ದಳು. ನಾನು ಆ ಮುದುಕನ ಗ್ರಹಚಾರ ಬಿಡಿಸಬೇಕೆಂದು ಏಳುವಷ್ಟರಲ್ಲಿ ಹುಚ್ಚಯ್ಯ ಎದ್ದ.

“ಬಾಯ್ ಮುಚ್ಚಲಾ!”

ಇಷ್ಟು ಹೇಳಿ ಜನರ ಕಡೆ ತಿರುಗಿದ. ಮೈಕಿಲ್ಲದಿದ್ದರೂ ಅವನ ದನಿ ಹಿಂದಿನ ಒಲೆಯವರೆಗೂ ಕೇಳಿಸಿತು.

“ಆ ಬೆಳೆ ಕಳ್ದೋನು ನಾನು. ಅವತ್ತು ಮಳೆ ಹಿಡ್ಕೊಂಡಿತ್ತು. ಸೊಪ್ಪೆಲ್ಲ ಒದ್ದೆ. ಆರ್ಸೋಕೆ ಪುರ್ಸೊತ್ತಿಲ್ದೆ ಹಂಗೇ ಹಾಕ್ಬುಟ್ಟೆ. ಹುಳ ಸಪ್ಪೆ ಆಗಿದ್ದು ಅದ್ರಿಂದ. ಈ ಮಗ ಹುಳ ತಂದು ಬುಡೋಕೆ ಮೊದ್ಲೇ ನಂಗೆ ಗೊತ್ತಾಗಿತ್ತು.”

ಒದ್ದೆ ಸೊಪ್ಪು ಹಾಕಬಾರದೆಂದು ಆ ಊರಿನ ಒಬ್ಬೊಬ್ಬರಿಗೂ ಹೇಳಿಕೊಟ್ಟವನೇ ಅವನು.

“ನೀವೆಲ್ಲ ಬಂದು ಇವಳ ಮ್ಯಾಲೆ ಹಾಕುದ್ರಿ. ನಾನು ಸುಮ್ಕಿದ್ಬುಟ್ಟೆ. ಒದ್ದೆ ಸೊಪ್ಪು ಹಾಕ್ದೋನು ಅಂತ ಗೊತ್ತಾದ್ರೆ ನಾಳೆ ನನ್ ತಾವು ಯಾರು ಬುದ್ಧಿ ಕೇಳೋಕೆ ಬತ್ತಾರೆ ಅಂತ.”

ಹೆಂಗಸರ ಸಾಲಿನಲ್ಲಿ ಯಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರಿಗೂ ಗೊತ್ತಿರಲಿಲ್ಲವೆಂದು ಆ ಮುಖವೇ ಹೇಳುತ್ತಿತ್ತು.

“ಅಪ್ಪ,” ಎಂದಳು ಸುಮನಾ. ಮೈಕು ಇನ್ನೂ ಕೈಯಲ್ಲಿದ್ದುದರಿಂದ ಆ ಮಾತು ಬೀದಿಗೆಲ್ಲ ಕೇಳಿಸಿತು. “ನಂಗೊಬ್ಬಳಿಗಾದ್ರೂ ಹೇಳ್ಬೋದಾಗಿತ್ತಲ್ಲ.”

“ಹೇಳ್ಬೌದಾಗಿತ್ತು ಕಣವ್ವ,” ಎಂದ ಹುಚ್ಚಯ್ಯ. ಅವನ ದನಿ ಈಗ ಇಳಿದಿತ್ತು. “ನೀನು ಗೊತ್ತಾದ ದಿನ್ವೇ ಹೇಳ್ಬುಟ್ಟೆ. ನಂಗೆ ಇಲ್ಲಿಗಂಟ ಬೇಕಾಯ್ತು.”

ಸುಮನಾ ಮೈಕನ್ನು ಬೋರಲಿಂಗಯ್ಯನ ಕೈಗೆ ಕೊಟ್ಟು ವೇದಿಕೆಯಿಂದ ಇಳಿದಳು. ಅಪ್ಪನ ಹತ್ತಿರ ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.